ಗ್ಲೈಸಿನ್ ಚೀಲ ಎತ್ತಿದ ದಿನ

ಗ್ಲೈಸಿನ್ ಸಿಹಿಯಾಗಿರುತ್ತದೆ. ನಾನು ನೆಕ್ಕಿ ನೋಡಿದ್ದೇನೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತೇನೆ. ಬಾಯಿ ತುಂಬುವ ಸಿಹಿಯಲ್ಲ. ಎಳನೀರು ಕುಡಿದು ಸ್ವಲ್ಪ ಹೊತ್ತಾದ ಮೇಲೂ ನಾಲಿಗೆಯ ಮೇಲೆ ಉಳಿದಿರುತ್ತದಲ್ಲ, ಅಷ್ಟು.

ನಾನು ಶರಣಮ್ಮ. ಹುಟ್ಟಿದ್ದು ತೆಲುಗು ಸೀಮೆಯ ಗಡಿಯ ಕೋಸಗಿಯಲ್ಲಿ, ದುಡಿದದ್ದು ಆದೋನಿಯ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ, ನರ್ಸಾಗಿ. ನಿವೃತ್ತಳಾದ ಮೇಲೆ ಅಲ್ಲಿನ ಹೊಸ ಹುಡುಗಿಯರು ಮನೆಗೆ ಬಂದಾಗಲೆಲ್ಲ, "ನಿಮ್ಮ ಅನುಭವ ಬರೆದುಕೊಡ್ರಿ ಸಿಸ್ಟರ್" ಎಂದು ಪೀಡಿಸುತ್ತಾರೆ. ಯಾವಾಗ ಸೇರಿದೆ, ಯಾವಾಗ ಇನ್‌ಚಾರ್ಜ್ ಆದೆ ಎಂದೆಲ್ಲ ಬರೆದರೆ ಅವರಿಗೆ ನಿದ್ದೆ ಬರುತ್ತದೆ. ನನ್ನ ನಿದ್ದೆ ಕೆಡಿಸಿದ್ದನ್ನೇ ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ವಯಸ್ಸಾದ ಗಂಡಸರಿಗೆ ಮೂತ್ರದ ದಾರಿಯ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ಉಬ್ಬಿಕೊಂಡು ಮೂತ್ರ ಕಟ್ಟುತ್ತದೆ. ಹೊಟ್ಟೆ ಕೊಯ್ಯದೆ, ಆ ದಾರಿಯಲ್ಲೇ ಕಡ್ಡಿಯಂಥ ದುರ್ಬೀನು ತೂರಿಸಿ, ಅದರ ತುದಿಯ ತಂತಿಗೆ ಕರೆಂಟ್ ಕೊಟ್ಟು ಗ್ರಂಥಿಯನ್ನು ಚೂರುಚೂರಾಗಿ ಕೆರೆದು ತೆಗೆಯುತ್ತಾರೆ. ಕೆರೆದಂತೆಲ್ಲ ರಕ್ತ ಬರುತ್ತದೆ. ರಕ್ತ ಬಂದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಮೇಲಿನಿಂದ ಒಂದೇ ಸಮನೆ ನೀರು ಬಿಡುತ್ತಿರಬೇಕು. ಉಪ್ಪು ನೀರು ಬಿಟ್ಟರೆ ಕರೆಂಟ್ ಅದರೊಳಗೇ ಹರಿದುಹೋಗಿ ತಂತಿ ಕೊಯ್ಯುವುದಿಲ್ಲ. ನಾನು ಸೇರಿದ ಹೊಸದರಲ್ಲಿ ಬಟ್ಟಿ ಇಳಿಸಿದ ಬರೀ ನೀರು ಬಿಡುತ್ತಿದ್ದರು. ಅದು ರಕ್ತಕ್ಕೆ ಸೇರಿದರೆ ರಕ್ತದ ಕಣಗಳು ಒಡೆದು ಕಿಡ್ನಿ ಕೆಡುತ್ತಿತ್ತು. ಆಮೇಲೆ ಬಂದದ್ದು ಗ್ಲೈಸಿನ್ ಚೀಲ. ಒಂದೊಂದರಲ್ಲಿ ಮೂರು ಲೀಟರ್. ಅದನ್ನು ಸ್ಟ್ಯಾಂಡಿಗೆ ತೂಗುಹಾಕುವುದು, ಖಾಲಿಯಾದ ಹಾಗೆ ಬದಲಿಸುವುದು, ಒಳಗೆ ಎಷ್ಟು ಹೋಯಿತು, ಕೆಳಗಿನ ಬಕೆಟ್ಟಿಗೆ ಎಷ್ಟು ಬಂತು ಎಂದು ಲೆಕ್ಕ ಇಡುವುದು ನನ್ನ ಕೆಲಸ. ಕಡಿಮೆ ಬಂದರೆ ಉಳಿದದ್ದು ರೋಗಿಯ ರಕ್ತಕ್ಕೆ ಸೇರಿದೆ ಎಂದೇ ಅರ್ಥ.

ಒಂದು ದಿನ ಚೀಲ ಒಡೆದು ನನ್ನ ಕೈಮೇಲೆಲ್ಲ ಸುರಿಯಿತು. ಮಾರನೆಯ ದಿನ ನೋಡಿದರೆ ಒರೆಸದೆ ಉಳಿದ ಮೂಲೆಯಲ್ಲಿ ಸಾಲು ಇರುವೆ. ನನಗೆ ಕೆಟ್ಟ ಕುತೂಹಲ. ಇನ್ನೊಂದು ಚೀಲದ ತಳದಲ್ಲಿ ಉಳಿದಿದ್ದ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದುಬಿಟ್ಟರು. ಕರ್ನೂಲಿನಿಂದ ವಾರಕ್ಕೆ ಎರಡು ದಿನ ಬರುತ್ತಿದ್ದ ಮೂತ್ರರೋಗ ಸರ್ಜನ್ ಅವರು. ಎಲ್ಲರೂ ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು.

"ಏಮ್ಮಾ ಶರಣಮ್ಮಾ, ಪಾಯಸಮಾ ಅದಿ?" ಎಂದರು.

ನಾನು ನಾಚಿ ನೆಲ ನೋಡಿದೆ. ಅವರಿಗೆ ಸಿಟ್ಟು ಎಷ್ಟು ಬೇಗ ಬರುತ್ತಿತ್ತೋ ಪಾಠ ಹೇಳುವ ಹುಚ್ಚೂ ಅಷ್ಟೇ ಇತ್ತು. ಅಲ್ಲೇ ನಿಂತು ತೆಲುಗಿನಲ್ಲಿ ಹೇಳಿದರು. ನಮ್ಮ ಮೈಯ ಮಾಂಸ, ಚರ್ಮ, ಕೂದಲು ಎಲ್ಲ ಪ್ರೋಟೀನಿನದು. ಆ ಪ್ರೋಟೀನ್ ಒಂದು ಸರ ಇದ್ದಹಾಗೆ, ಅದರ ಮಣಿಗಳಿಗೆ ಅಮೈನೋ ಆಮ್ಲ ಎನ್ನುತ್ತಾರೆ. ಮಣಿಗಳಲ್ಲೆಲ್ಲ ಚಿಕ್ಕದು, ಸಾದಾ ಸೀದಾ ಇರುವುದು ಇದೇ ಗ್ಲೈಸಿನ್. ಹಿಂದೆ ಯಾರೋ ಪುಣ್ಯಾತ್ಮ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಅಂಟನ್ನು ಆಸಿಡ್ಡಿನಲ್ಲಿ ಕುದಿಸಿದಾಗ ಬಿಳಿ ಹರಳು ಸಿಕ್ಕಿತಂತೆ. ಅವನೂ ನಿನ್ನ ಹಾಗೇ ನೆಕ್ಕಿ ನೋಡಿದ, ಸಿಹಿ ಇತ್ತು. ಗ್ರೀಕರ ಭಾಷೆಯಲ್ಲಿ ಸಿಹಿಗೆ ಏನೆನ್ನುತ್ತಾರೋ ಅದರಿಂದಲೇ ಈ ಹೆಸರು ಬಂತು. ಇಷ್ಟು ಹೇಳಿ, "ಇನ್ನೊಂದು ಸಲ ಥಿಯೇಟರಿನೊಳಗೆ ಏನಾದರೂ ಬಾಯಿಗೆ ಹಾಕಿದರೆ ಮನೆಗೆ ಕಳಿಸುತ್ತೇನೆ" ಎಂದು ಹೋದರು.

ಕೋಸಗಿಯ ಹುಡುಗಿಗೆ ಗ್ರೀಕ್ ಮಾತು ಸಿಕ್ಕಿದರೆ ಸುಮ್ಮನಿರುತ್ತಾಳೆಯೇ? ಕಂಡವರಿಗೆಲ್ಲ ಹೇಳಿದೆ. ಆಯಾಗಳಿಗೆ ಹೇಳಿದೆ, ಮೆಡಿಕಲ್ ಶಾಪಿನವನಿಗೆ ಹೇಳಿದೆ. ಕೊನೆಗೆ ಹೇಳಬಾರದ ಕಡೆಯೂ ಹೇಳಿದೆ.

ಆದೋನಿಯ ಹತ್ತಿ ವ್ಯಾಪಾರಿಯೊಬ್ಬರು ಇದೇ ಆಪರೇಷನ್ನಿಗೆ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಸ್ಟ್ರೆಚರ್ ಮೇಲೆ ಮಲಗಿಸಿ ಒಳಗೆ ತಳ್ಳುವ ಹೊತ್ತಿಗೆ ಅವರ ಹೆಂಡತಿ, ಹಣೆತುಂಬ ವಿಭೂತಿ ಹಚ್ಚಿದ ಗಟ್ಟಿ ಹೆಂಗಸು, "ಒಳಗ ಏನ್ ನೀರು ಬಿಡ್ತಾರವ್ವ?" ಎಂದು ಕೇಳಿದರು. ನಾನು ದೊಡ್ಡ ಪಂಡಿತಳ ಹಾಗೆ, "ಹೆದರಬ್ಯಾಡ್ರಿ ಅಮ್ಮಾ, ಸಕ್ಕರಿ ನೀರಿನಂಗ ಇರತೈತಿ, ಅದರ ಹೆಸರಿನ ಅರ್ಥನೂ ಸಿಹಿ ಅಂತ" ಎಂದೆ.

ಆ ತಾಯಿ ಸ್ಟ್ರೆಚರಿನ ಕಂಬಿ ಹಿಡಿದು ನಿಲ್ಲಿಸಿಬಿಟ್ಟರು. "ಸಕ್ಕರಿ ಬ್ಯಾನಿ ಮನಷ್ಯಾಗ ಸಕ್ಕರಿ ನೀರು ಬಿಡ್ತೀರೇನ? ಹತ್ತು ವರ್ಷಾತು ಚಾದಾಗ ಸಕ್ಕರಿ ಹಾಕಿಲ್ಲ ನಾನು. ಏಳ್ರಿ, ಎದ್ದೇಳ್ರಿ." ಇದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಬಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡನನ್ನು ಎಬ್ಬಿಸಿಕೊಂಡು ಬಳ್ಳಾರಿಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದೊಡ್ಡ ಡಾಕ್ಟರು ಎಲ್ಲರ ಮುಂದೆ ನನ್ನ ನೀರಿಳಿಸಿದರು. "ಇವತ್ತಿನಿಂದ ಪೇಷಂಟ್ ಜೊತೆ ಒಂದೇ ಒಂದು ಮಾತು ಆಡಬೇಡ. ಬಾಯಿ ಮುಚ್ಚಿಕೊಂಡು ಚೀಲ ಬದಲಿಸು, ಸಾಕು" ಎಂದರು. ತಪ್ಪು ನನ್ನದೇ. ಆದರೆ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ಮುಚ್ಚಬೇಕಲ್ಲವೇ, ಮುಚ್ಚುತ್ತೇನೆ, ನೋಡೋಣ ಎಂದುಕೊಂಡೆ. ರೋಗಿಗಳೊಂದಿಗೆ ಮಾತ್ರವಲ್ಲ, ಥಿಯೇಟರಿನಲ್ಲಿ ಯಾರೊಂದಿಗೂ ಬೇಕಾದ್ದಕ್ಕಿಂತ ಒಂದಕ್ಷರ ಹೆಚ್ಚು ಆಡಲಿಲ್ಲ. ಮೂಗಿ ಬಂದಳು ಎಂದು ಆಯಾ ಹುಲಿಗೆಮ್ಮ ಅಣಕಿಸುತ್ತಿದ್ದಳು. ತಿಂಗಳುಗಟ್ಟಲೆ ಹಾಗೇ ನಡೆಯಿತು.

ಎಮ್ಮಿಗನೂರಿನ ನಾಗಪ್ಪ ತಾತ ಬಂದದ್ದು ಆಗಲೇ.

ಎಪ್ಪತ್ತು ದಾಟಿದ ನೇಕಾರ. ಮೂತ್ರ ಕಟ್ಟಿ, ನಳಿಕೆ ಹಾಕಿಸಿಕೊಂಡು, ಪಂಚೆಯ ಮಡಿಲಲ್ಲಿ ಮೂತ್ರದ ಚೀಲ ಇಟ್ಟುಕೊಂಡೇ ಮಗ್ಗದ ಗುಂಡಿಯಲ್ಲಿ ಕೂಡುತ್ತಿದ್ದರಂತೆ. ಹೆಂಡತಿ ಈರಮ್ಮ ವಾರ್ಡಿನಲ್ಲಿ ನನಗೆ ಹೆಮ್ಮೆಯಿಂದ ಹೇಳಿದಳು: "ಈ ವಯಸ್ಸಿನಾಗೂ ಕನ್ನಡಕ ಇಲ್ಲರಿ ಇವರಿಗೆ. ಹಾಸಿನಾಗ ಎಳಿ ಹರದ್ರ ಹುಡುಗರಿಗೆ ಕಾಣಂಗಿಲ್ಲ, ಇವರು ನಿಂತಲ್ಲಿಂದ ತೋರಸ್ತಾರ. ಮನಿ ನಡ್ಯದು ಆ ಕಣ್ಣ ಮ್ಯಾಲ." ನಾನು ತಲೆಯಾಡಿಸಿದೆ, ಮಾತಾಡಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಇದರಲ್ಲಿ ರೋಗಿಗೆ ಎಚ್ಚರ ಇರುತ್ತದೆ. ಬೇಕೆಂದೇ ಎಚ್ಚರ ಇಟ್ಟಿರುತ್ತಾರೆ, ಯಾಕೆಂದರೆ ಗ್ಲೈಸಿನ್ ರಕ್ತಕ್ಕೆ ಹೆಚ್ಚು ಸೇರಿದರೆ ಮೊದಲು ಹೇಳುವುದು ಯಂತ್ರವಲ್ಲ, ರೋಗಿಯ ಮಾತು. ಆಕಳಿಸುತ್ತಾನೆ, ಚಡಪಡಿಸುತ್ತಾನೆ, ಅಡ್ಡಾದಿಡ್ಡಿ ಮಾತಾಡುತ್ತಾನೆ. ಅದಕ್ಕೇ ಯಾರಾದರೂ ತಲೆಯ ಹತ್ತಿರ ನಿಂತು ಮಾತಾಡಿಸುತ್ತಲೇ ಇರಬೇಕು. ಮೊದಲೆಲ್ಲ ಅದು ನನ್ನ ಕೆಲಸವೇ ಆಗಿತ್ತು. ಮಳೆ, ಬೆಳೆ, ಮೊಮ್ಮಕ್ಕಳು ಎಂದು ಏನಾದರೂ ಕೇಳುತ್ತಿದ್ದೆ. ಮಾತು ಬೇಡ ಎಂದಿದ್ದಾರಲ್ಲ, ಆವತ್ತು ಗೋಡೆಗೆ ಒರಗಿ ನಿಂತೆ. ಅರಿವಳಿಕೆ ಡಾಕ್ಟರು ಸ್ವಲ್ಪ ಹೊತ್ತು ಇದ್ದು, ಪಕ್ಕದ ಕೋಣೆಯಲ್ಲಿ ಹೆರಿಗೆಯ ಆಪರೇಷನ್ ಬಂತೆಂದು ಅಲ್ಲಿಗೆ ಹೋದರು.

ಗ್ರಂಥಿ ದೊಡ್ಡದಿತ್ತು. ರಕ್ತ ನಿಲ್ಲಲಿಲ್ಲ. ದೊಡ್ಡ ಡಾಕ್ಟರು ದುರ್ಬೀನಿನಿಂದ ಕಣ್ಣು ತೆಗೆಯದೆ, "ಏನೂ ಕಾಣಿಸುತ್ತಿಲ್ಲ, ಚೀಲ ಮೇಲೆತ್ತಮ್ಮಾ" ಎಂದರು. ಸ್ಟ್ಯಾಂಡಿನ ಕಂಬಕ್ಕೆ ನಾನೇ ಒಂದು ಕೆಂಪು ಟೇಪು ಸುತ್ತಿದ್ದೆ. ಚೀಲ ಅದರ ಮೇಲೆ ಹೋಗಬಾರದು. ಮೇಲೆ ಹೋದಷ್ಟೂ ಒತ್ತಡ ಹೆಚ್ಚಿ, ಕೊಯ್ದ ರಕ್ತನಾಳಗಳೊಳಗೆ ಗ್ಲೈಸಿನ್ ನುಗ್ಗುತ್ತದೆ. ಮೊದಲಾಗಿದ್ದರೆ "ಟೇಪು ದಾಟುತ್ತದೆ ಸಾರ್" ಎನ್ನುತ್ತಿದ್ದೆ. ಆವತ್ತು ಸುಮ್ಮನೆ ಕೀಲು ತಿರುಗಿಸಿ ಟೇಪಿನ ಮೇಲೆ ಒಂದು ಮೊಳ ಎತ್ತಿದೆ. ಹೇಳಿದ್ದನ್ನು ಮಾಡಿದ್ದೇನೆ, ನನಗೇನಂತೆ ಎಂಬ ಹಟ.

ಶುರುವಾಗಿ ಒಂದು ಗಂಟೆ ಕಳೆದರೆ, ಇನ್ನು ನೀರು ಬಿಡಬಾರದೆಂದು ಕೂಗಿ ಹೇಳುವುದೂ ನನ್ನದೇ ಜವಾಬ್ದಾರಿ. ಗಡಿಯಾರ ನೋಡಿದೆ. ಗಂಟೆ ದಾಟಿತ್ತು. ಅವರಿಗೂ ಗಡಿಯಾರ ಕಾಣುವುದಿಲ್ಲವೇ ಎಂದುಕೊಂಡೆ. ಬಕೆಟ್ ತುಂಬಿತ್ತೆಂದು ಹುಲಿಗೆಮ್ಮ ಅಳೆಯದೆ ಚೆಲ್ಲಿಬಿಟ್ಟಳು. ಅಳೆಯದೆ ಯಾಕೆ ಚೆಲ್ಲಬಾರದು ಎಂದು ನಾನು ಅವಳಿಗೆ ಒಂದು ದಿನವೂ ಬಿಡಿಸಿ ಹೇಳಿರಲಿಲ್ಲ.

ತಾತ ಎರಡು ಸಲ ಆಕಳಿಸಿದರು. ಬೆಳಿಗ್ಗೆ ಬೇಗ ಎದ್ದಿರಬೇಕು ಎಂದುಕೊಂಡೆ. ಆಮೇಲೆ ಅವರ ಬಲಗೈ ಮೈಮೇಲಿನ ಹಸಿರು ಬಟ್ಟೆಯನ್ನು ಚಿವುಟುತ್ತ, ಹೆಬ್ಬೆರಳು ತೋರುಬೆರಳು ತಿರುವುತ್ತ ಆಡತೊಡಗಿತು. ಹರಿದ ಎಳೆ ಗಂಟು ಹಾಕುವ ಅಭ್ಯಾಸ, ಮಲಗಿದಲ್ಲೂ ನೇಯುತ್ತಾರಲ್ಲ ಎಂದು ನಾನು ಮಾಸ್ಕಿನೊಳಗೆ ನಕ್ಕೆ. ಅದು ಚಡಪಡಿಕೆ. ಪುಸ್ತಕದಲ್ಲಿ ಬರೆದಿರುವ ಲಕ್ಷಣ ಕಣ್ಣೆದುರಿಗೇ ಆಡುತ್ತಿತ್ತು, ನಾನು ಅದರಲ್ಲಿ ಮಗ್ಗ ಕಂಡೆ.

"ಅವ್ವಾ, ಕರೆಂಟ್ ಹೋತೇನವ್ವ?" ಎಂದರು ತಾತ, ಮೆಲ್ಲಗೆ.

ನಾನು ಉತ್ತರ ಕೊಡಲಿಲ್ಲ. ಮುದುಕರು ಏನೇನೋ ಕೇಳುತ್ತಾರೆ. ಚೀಲ ಬದಲಿಸುವುದಿತ್ತು, ಬದಲಿಸಿದೆ. ಖಾಲಿ ಚೀಲವನ್ನು ಗೋಡೆಯ ಹತ್ತಿರದ ಸಾಲಿಗೆ ಇಟ್ಟು ಬಂದೆ.

"ಕತ್ತಲಾಗೇತಿ. ಕರೆಂಟ್ ಹೋಗೇತೇನವ್ವ?"

ಆಗ ತಲೆಯೆತ್ತಿದೆ. ಮೇಜಿನ ಮೇಲಿನ ದೊಡ್ಡ ದೀಪ ಉರಿಯುತ್ತಿತ್ತು. ಗೋಡೆಯ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಆ ಬೆಳಕೆಲ್ಲ ತಾತನ ಮುಖದ ಮೇಲೇ ಬಿದ್ದಿತ್ತು. ಅವರ ಕಣ್ಣುಗಳು ಪೂರ್ತಿ ತೆರೆದಿದ್ದವು, ಬೆಳಿಗ್ಗೆ ಜೋಳದ ಕಾಳಿನಷ್ಟು ಇದ್ದ ಪಾಪೆ ಈಗ ಗುಲಗಂಜಿಯಷ್ಟು ಅರಳಿತ್ತು. ನಾನು ಕೈ ಬೀಸಿದೆ. ರೆಪ್ಪೆ ಮಿಟುಕಲಿಲ್ಲ. ಬೆರಳನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದೆ. ಆಗಲೂ ಮಿಟುಕಲಿಲ್ಲ. ಎಷ್ಟೋ ಹೆಣ ನೋಡಿದವಳು ನಾನು, ಆಗ ಆದ ಭಯ ಯಾವ ಹೆಣ ನೋಡಿದಾಗಲೂ ಆಗಿರಲಿಲ್ಲ. ಮಾತಾಡುವ, ಉಸಿರಾಡುವ ಮನುಷ್ಯನ ಕಣ್ಣು ನಮ್ಮ ಕೈಯಲ್ಲೇ ಆರಿಹೋಗಿತ್ತು.

"ಸಾರ್, ತಾತನಿಗೆ ಕಣ್ಣು ಕಾಣಿಸುತ್ತಿಲ್ಲ" ಎಂದು ಕಿರುಚಿದೆ. ತಿಂಗಳುಗಳ ನಂತರ ಥಿಯೇಟರಿನಲ್ಲಿ ನಾನು ಆಡಿದ ಮೊದಲ ಜೋರು ಮಾತು ಅದು.

ದೊಡ್ಡ ಡಾಕ್ಟರು ತಲೆಯೆತ್ತಿದರು. ಚೀಲ ನೋಡಿದರು, ಟೇಪು ನೋಡಿದರು, ಗಡಿಯಾರ ನೋಡಿದರು, ಗೋಡೆಯ ಹತ್ತಿರದ ಖಾಲಿ ಚೀಲಗಳ ಸಾಲು ನೋಡಿದರು. ಅವರ ಮುಖ ಸುಣ್ಣದ ಹಾಗಾಯಿತು. ಬೈಯಲಿಲ್ಲ. ನೀರು ನಿಲ್ಲಿಸಿ, ರಕ್ತ ಒಸರುವ ಕಡೆ ಸುಟ್ಟು, ದುರ್ಬೀನು ಹೊರಗೆ ತೆಗೆದರು. ಅರಿವಳಿಕೆ ಡಾಕ್ಟರು ಓಡಿಬಂದರು. ಸೇರಿದ ನೀರು ಮೂತ್ರವಾಗಿ ಇಳಿಯಲು ಇಂಜೆಕ್ಷನ್ ಕೊಟ್ಟರು, ರಕ್ತ ಲ್ಯಾಬಿಗೆ ಕಳಿಸಿದರು. ರಕ್ತದ ಉಪ್ಪಿನಂಶ ಪಾತಾಳಕ್ಕೆ ಇಳಿದಿದೆ ಎಂದು ವರದಿ ಬಂತು. ಗಟ್ಟಿ ಉಪ್ಪುನೀರನ್ನು ಹನಿಹನಿಯಾಗಿ ಹತ್ತಿಸಿದರು.

ಹೊರಗೆ ಕೂತಿದ್ದ ಈರಮ್ಮನಿಗೆ ಹೇಳಬೇಕಾಗಿತ್ತು. ಡಾಕ್ಟರು ಹೇಳಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಡಾಕ್ಟರನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ, "ಉಚ್ಚಿಗಂತ ಬಂದ್ವಲ್ಲವ್ವ ನಾವು. ಕಣ್ಣ ಇಲ್ಲಿ ಬಿಟ್ಟು ಹೋಗಬೇಕೇನ?" ಎಂದಳು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಕಾರಿಡಾರಿನಲ್ಲಿ ಡಾಕ್ಟರು ನನಗೆ ಹೇಳಿದರು. ಈ ಸಲ ಪಾಠದ ಹುಚ್ಚಿರಲಿಲ್ಲ. "ಗ್ಲೈಸಿನ್ ನಮ್ಮ ಮೈಯಲ್ಲೂ ಇರುತ್ತದಮ್ಮಾ. ಕಣ್ಣಿನ ಹಿಂದಿನ ಪರದೆಯಲ್ಲಿ ಅದರ ಕೆಲಸ, ನರಗಳಿಗೆ ಸುಮ್ಮನಿರು ಎಂದು ಹೇಳುವುದು. ಮಿತಿಯಲ್ಲಿದ್ದರೆ ಒಳ್ಳೆಯದು. ಇವತ್ತು ಅಷ್ಟೊಂದು ನುಗ್ಗಿಸಿದ್ದೇವೆ, ನರಗಳೆಲ್ಲ ಸುಮ್ಮನಾಗಿಬಿಟ್ಟಿವೆ. ಮೈಯಿಂದ ಅದು ಕರಗಿದರೆ ದೃಷ್ಟಿ ಬರಬೇಕು."

"ಬರದಿದ್ದರೆ?" ಎಂದೆ.

"ಟೇಪು ದಾಟಿದೆ ಎಂದು ಯಾಕೆ ಹೇಳಲಿಲ್ಲ?" ಎಂದರು ಡಾಕ್ಟರು.

"ಬಾಯಿ ಮುಚ್ಚು ಅಂದಿದ್ರಿ."

ಆ ಮಾತು ಬಾಯಿಂದ ಬಿದ್ದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆ ಇರಲಿಲ್ಲ.

ಹನ್ನೆರಡರಿಂದ ನಾನು ತಾತನ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಊಟಕ್ಕೂ ಹೋಗಲಿಲ್ಲ. ಒಂದೇ ಸಮನೆ ಮಾತಾಡಿದೆ. ಕೋಸಗಿಯ ನಮ್ಮ ಓಣಿ, ನಮ್ಮಪ್ಪ ರೈಲ್ವೆ ಗೇಟಿನಲ್ಲಿ ನಿಲ್ಲುತ್ತಿದ್ದದ್ದು, ನನ್ನ ಅತ್ತೆಯ ಜಗಳ, ಎಲ್ಲ. ತಾತ "ಹೂಂ, ಹೂಂ" ಎನ್ನುತ್ತಿದ್ದರು. ಒಮ್ಮೆ ನನ್ನ ಸೀರೆಯ ಸೆರಗು ಅವರ ಕೈಗೆ ಸಿಕ್ಕಿತು. ಬೆರಳಲ್ಲಿ ತಿಕ್ಕಿ, "ಮಿಲ್ಲಿಂದು" ಎಂದು ಬಿಟ್ಟರು. ಈರಮ್ಮ ಕಾಲ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದಳು. ಆಕೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ತಾತ ಕಿಟಕಿಯ ಕಡೆ ಮುಖ ತಿರುಗಿಸಿ, "ಆ ಕಡಿ ಬೆಳಕೈತಿ" ಎಂದರು. ಅರ್ಧ ಗಂಟೆಗೆ ನನ್ನ ಬಿಳಿ ಕೋಟು ಕಂಡಿತು. ಐದಕ್ಕೆ ಹೆಂಡತಿಯ ಮೂಗುಬೊಟ್ಟು ಕಂಡಿತು. ಆಮೇಲೆ ತಾವು ಹೊದ್ದ ಆಸ್ಪತ್ರೆಯ ಚಾದರವನ್ನು ಎತ್ತಿ ಹಿಡಿದು, ಬಹಳ ಹೊತ್ತು ನೋಡಿ, "ಇಲ್ಲೊಂದು ಎಳಿ ಬಿಟ್ಟಾರ ನೋಡು" ಎಂದು ಬೆರಳಿಟ್ಟರು. ನಾನು ಬಗ್ಗಿ ನೋಡಿದೆ. ಹೌದು, ಒಂದು ಎಳೆ ಇರಲಿಲ್ಲ. ಈರಮ್ಮ ಆಗ ಅತ್ತಳು. ನಾನು ಬಾತ್‌ರೂಮಿಗೆ ಹೋಗಿ ಕೊಳಾಯಿ ತಿರುಗಿಸಿ ಅತ್ತೆ.

ಮರುದಿನ ದೊಡ್ಡ ಡಾಕ್ಟರು ಎಲ್ಲರನ್ನೂ ಥಿಯೇಟರಿಗೆ ಕರೆದು ಟೇಪಿನ ಪಕ್ಕದಲ್ಲಿ ನಿಂತು, "ಚೀಲ ಇದನ್ನು ದಾಟಿದರೆ, ಗಂಟೆ ದಾಟಿದರೆ, ಆಯಾ ಆಗಲಿ ಯಾರೇ ಆಗಲಿ, ನನಗೆ ಬೈದು ಹೇಳಬೇಕು" ಎಂದರು. ಹುಲಿಗೆಮ್ಮ ಅಳೆಯುವ ಜಗ್ ಹಿಡಿದು ನಿಂತಿದ್ದಳು. ನಾನು ಅವಳಿಗೆ ಅಂದೇ ಎಲ್ಲ ಬಿಡಿಸಿ ಹೇಳಿದೆ. ಆಮೇಲಿನ ವರ್ಷಗಳಲ್ಲಿ ಬಕೆಟ್ಟಿನ ಲೆಕ್ಕದಲ್ಲಿ ಅವಳಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಮುಂದೆ ಹೊಸ ಯಂತ್ರ ಬಂತು. ಅದರ ತಂತಿ ಉಪ್ಪುನೀರಿನಲ್ಲೂ ಕೊಯ್ಯುತ್ತದೆ. ಗ್ಲೈಸಿನ್ ಚೀಲ ನಮ್ಮಲ್ಲಿಗೆ ಬರುವುದೇ ನಿಂತಿತು. ಈಗಿನ ಹುಡುಗಿಯರು ಅದನ್ನು ನೋಡಿಯೂ ಇಲ್ಲ. ನೋಡದಿದ್ದರೂ ಪರವಾಗಿಲ್ಲ. ಉಪ್ಪುನೀರು ಹೆಚ್ಚಾದರೂ ಎದೆಗೆ, ಶ್ವಾಸಕ್ಕೆ ಭಾರ, ಅದಕ್ಕೂ ಲೆಕ್ಕ ಬೇಕು. ಯಾವ ನೀರಾದರೂ ಮೇಜಿನ ಮೇಲೆ ಮಲಗಿದವರನ್ನು ಮಾತಾಡಿಸುವುದು ಬಿಡಬೇಡಿ. ಕರೆಂಟ್ ಹೋಯಿತೇ ಎಂದು ಕೇಳಿದರೆ ಮೊದಲು ಅವರ ಕಣ್ಣು ನೋಡಿ.

ತಾತ ತಪಾಸಣೆಗೆ ಆರು ತಿಂಗಳ ನಂತರ ಬಂದರು. ಮೂತ್ರ ಸರಾಗವಾಗಿತ್ತು, ಮಗ್ಗವೂ ನಡೆಯುತ್ತಿತ್ತು. ನನಗೆಂದು ತಾವೇ ನೇಯ್ದ ಒಂದು ಟವೆಲ್ ತಂದಿದ್ದರು. ಅದನ್ನು ತೆಗೆದುಕೊಳ್ಳಲು ನನ್ನ ಕೈ ಏಳಲಿಲ್ಲ. ಚೀಲ ಟೇಪು ದಾಟಿ ಎತ್ತಿದ್ದು, ಗಂಟೆ ಹೇಳದೆ ಇದ್ದದ್ದು, ಎಲ್ಲ ಹೇಳಿಬಿಟ್ಟೆ. ಕೊನೆಗೆ, "ಆವತ್ತು ಕರೆಂಟ್ ಹೋಗಿರಲಿಲ್ಲ ತಾತಾ" ಎಂದೆ.

"ಗೊತ್ತಿತ್ತವ್ವ" ಎಂದರು.

ನಾನು ಬೆಪ್ಪಾಗಿ ನೋಡಿದೆ.

"ಗ್ವಾಡಿಗೆ ಏಸಿ ಗುಂಯ್ ಅಂತಿತ್ತು. ಕರೆಂಟ್ ಹೋದ್ರ ಅದ್ಯಾಂಗ ಸಪ್ಪಳ ಮಾಡತೈತಿ? ನನಗ ಅಷ್ಟೂ ತಿಳ್ಯಂಗಿಲ್ಲೇನು?"

"ಮತ್ಯಾಕ ಕೇಳಿದ್ರಿ?"

ತಾತ ಟವೆಲನ್ನು ಮಡಿಚಿ ನನ್ನ ಮೇಜಿನ ಮೇಲೆ ಇಟ್ಟರು. "ಕಣ್ಣ ಹೋತು ಅಂತ ಒದರಿದ್ರ ಡಾಕ್ಟರ ಕೈ ಗಾಬರಿ ಆಗ್ತಿತ್ತು. ಕೈ ನನ್ನೊಳಗ ಇತ್ತಲ್ಲ. ಅದಕ್ಕ ಹಂಗ ಕೇಳಿದೆ. ನೀ ಹೂಂ ಹೋಗೈತಿ ತಾತಾ, ಈಗ ಬರತೈತಿ ಅಂದಿದ್ರ, ಸುಳ್ಳಂತ ಗೊತ್ತಿದ್ರೂ ಅಷ್ಟು ಹೊತ್ತು ನಂಬ್ಕೊಂಡು ಮಲಗ್ತಿದ್ದೆ. ನೀ ಸುಮ್ನಿದ್ದಿ. ಆವಾಗ ನನಗ ಖರೇ ಹೆದರಿಕಿ ಆತು."